ವಾಸನೆಯಕ್ಕ

“ಅಮ್ಮಾ, ವಾಸನೆಯಕ್ಕ ಅಂದ್ರೆ ಅವ್ರ ಮೈಯೆಲ್ಲ ವಾಸನೇನಾ?” ಎಂದು ಮಗಳು ಕೇಳಿದಾಗ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಬೀದಿಯ ಹಿಂದಿನ ಶೆಡ್ಡಿನಲ್ಲಿ ಹಳೆ ಟೈರು ಸುಡಲು ಶುರುವಾದಂದಿನಿಂದ ಆ ಹೊಲಿಗೆಯಾಕೆಗೆ ಅದೇ ಹೆಸರು. ಕೊರಳಲ್ಲಿ ಅಳತೆ ಟೇಪು ಇಳಿಬಿಟ್ಟುಕೊಂಡೇ ಮನೆಮನೆ ಬಾಗಿಲು ತಟ್ಟಿ, “ಇವತ್ತು ಹೇಗಿದೆ ವಾಸನೆ?” ಎಂದು ವಿಚಾರಿಸುತ್ತಾಳೆ, ತನ್ನ ಭಾಷೆ ಬಾರದವರ ಮುಂದೆ ಮೂಗು ಹಿಡಿದು ಹುಬ್ಬು ಹಾರಿಸುತ್ತಾಳೆ. ಎಲ್ಲರ ಉತ್ತರ ಕೂಡಿಸಿಕೊಂಡು ಮಾಲಿನ್ಯ ನಿಯಂತ್ರಣ ಕಚೇರಿಗೆ ಫೋನು ಮಾಡಿ, “ಒಂದ್ಸಲ ಬನ್ನಿ ಸಾರ್, ಒಂದು ಲೋಟ ಗಾಳಿ ಕುಡ್ಕೊಂಡು ಹೋಗೋರಂತೆ” ಎಂದು ಉಪಚರಿಸುತ್ತಾಳೆ. ಆಕೆಯ ಫೋನು ಬಂದರೆ ಅಲ್ಲಿಯ ಗುಮಾಸ್ತರೇ ಮೂಗು ಮುಚ್ಚಿಕೊಳ್ಳುತ್ತಾರಂತೆ. ಆ ಕಾಟ ತಾಳಲಾರದೆ ಕೊನೆಗೂ ನಾಳೆ ಅಧಿಕಾರಿಗಳು ಬರುತ್ತಿದ್ದಾರೆ. ಬೀದಿಗೆ ಬೀದಿಯೇ ಹಿಗ್ಗುತ್ತಿರುವಾಗ, ಮಗಳಿಗೆ ಕೆಮ್ಮಿನ ಔಷಧಿ ಕುಡಿಸುತ್ತಿದ್ದ ಅಮ್ಮನ ಪಕ್ಕ ಬಂದು ಕೂತು ವಾಸನೆಯಕ್ಕ ದನಿ ತಗ್ಗಿಸಿದಳು: “ಆ ಹೊಗೆ ಕುಡಿದೂ ಕುಡಿದೂ ನನ್ನ ಮೂಗೇ ಸತ್ತುಹೋಗಿದೆ ಕಣೇ. ಸೋಪಿಗೂ ಸೀಮೆಎಣ್ಣೆಗೂ ವ್ಯತ್ಯಾಸ ತಿಳಿಯಲ್ಲ. ಅವ್ರಿಗೆ ಗೊತ್ತಾದ್ರೆ ನಮ್ಮ ದೂರೆಲ್ಲ ಸುಳ್ಳು ಅಂದ್ಬಿಡ್ತಾರೆ. ನಾಳೆ ನನ್ನ ಪಕ್ಕದಲ್ಲೇ ನಿಂತಿರು. ವಾಸನೆ ಬಂದ ಕೂಡ್ಲೇ ಮೆಲ್ಲಗೆ ನನ್ನ ಕೈ ಚಿವುಟ್ತೀಯಾ?”