ಕೂತು ತೂಗಿದ ಬೆಲ್ಲ

ನಮ್ಮ ಅಂಗಡಿಯಲ್ಲಿ ನಾನು ಎರಡು ವರ್ಷ ನಿಂತೇ ವ್ಯಾಪಾರ ಮಾಡಿದೆ. ಕೂರುವುದಕ್ಕೆ ಜಾಗ ಇರಲಿಲ್ಲವೆಂದಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ತಾತನ ಕಾಲದ ಹಲಗೆ ಇತ್ತು. ಅದರ ಮೇಲೆ ಮಡಿಸಿ ಹಾಸಿದ ಹುಲಿಕುಂಟೆ ಕಡೆಯ ಕರಿ ಕಂಬಳಿ, ನೆತ್ತಿಯ ಮೇಲೆ ಸರಿಯಾಗಿ ಮನೆದೇವರ ಪಟ. ಅಲ್ಲಿ ಮಾತ್ರ ನಾನು ಕೂರುವಂತಿರಲಿಲ್ಲ. ಯಾಕೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ‘ಅಮ್ಮ ಇನ್ನೂ ಅಪ್ಪಣೆ ಕೊಟ್ಟಿಲ್ಲ.’ ಅಮ್ಮ ಅಂದರೆ ನನ್ನನ್ನು ಹೆತ್ತವಳಲ್ಲ, ನಮ್ಮ ಮನೆದೇವರು. ಹೆತ್ತವಳನ್ನು ನಾವು ಅವ್ವ ಅನ್ನುತ್ತೇವೆ. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಅಂಗಡಿ ಇರುವುದು ಕೊಡಿಗೇನಹಳ್ಳಿಯಲ್ಲಿ, ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ. ದಿನಸಿ ಅಂಗಡಿ. ಮಧುಗಿರಿಗೆ ಹೋಗುವವರು, ಹಿಂದೂಪುರದಿಂದ ಬಂದು ಇಳಿಯುವವರು ಎಲ್ಲರೂ ನಮ್ಮ ಮುಂದೆಯೇ ಹಾದು ಹೋಗಬೇಕು. ಕನ್ನಡದಲ್ಲಿ ಬೇಳೆ ಕೇಳಿ, ತೆಲುಗಿನಲ್ಲಿ ಚೌಕಾಸಿ ಮಾಡುವ ಗಿರಾಕಿಗಳು. ನಾನು ಹುಟ್ಟಿ ಬೆಳೆದದ್ದೇ ಹುಣಸೆಹಣ್ಣು, ಒಣಮೆಣಸಿನಕಾಯಿಗಳ ಘಾಟಿನಲ್ಲಿ. ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಪೇಪರಿನಲ್ಲಿ ಸಕ್ಕರೆ ಪೊಟ್ಟಣ ಕಟ್ಟಿ, ದಾರ ಸುತ್ತಿ, ಒಂದು ಹರಳೂ ಉದುರದಂತೆ ಕೊಡುತ್ತಿದ್ದೆ. ‘ಪರವಾಗಿಲ್ಲ ಕಣ್ರೀ, ಹುಡುಗಿ ಕೈ ಚುರುಕೈತೆ’ ಅಂತ ಗಿರಾಕಿಗಳು ಅಂದರೆ ಅಪ್ಪ ಮೀಸೆಯಡಿಯಲ್ಲೇ ನಗುತ್ತಿದ್ದ.

ಅಪ್ಪನ ವ್ಯಾಪಾರವೆಲ್ಲ ದೇವರ ಕೈಯಲ್ಲಿತ್ತು. ಇದು ಮಾತಿಗೆ ಹೇಳಿದ್ದಲ್ಲ. ಬೆಳಿಗ್ಗೆ ಬಾಗಿಲು ತೊಳೆದು, ರಂಗೋಲಿ ಬಿಟ್ಟು, ಪಟಕ್ಕೆ ದೀಪ, ತಕ್ಕಡಿಗೆ ಕರ್ಪೂರ ಆಗುವವರೆಗೆ ಯಮನೇ ಬಂದು ನಿಂತರೂ ಒಂದು ಕಾಳು ತೂಗುತ್ತಿರಲಿಲ್ಲ. ಕರೆಂಟಿನ ತಕ್ಕಡಿ ಬಂದ ಮೇಲೂ ಕರ್ಪೂರ ನಿಲ್ಲಲಿಲ್ಲ, ಅದರ ಪ್ಲಾಸ್ಟಿಕ್ಕಿನ ಅಂಚು ಸುಟ್ಟು ಕರ್ರಗಾಗಿದೆ. ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು ಕೊಡುವಂತಿಲ್ಲ. ದಿನದ ಮೊದಲ ಗಿರಾಕಿ, ಅಂದರೆ ಬೋಣಿ ಮಾಡುವವರು, ಬರಿಗೈಯಲ್ಲಿ ಹೋಗುವಂತಿಲ್ಲ. ಅವರ ಕೈಗೆ ಒಂದು ಚೂರು ಬೆಲ್ಲ ಇಡಬೇಕು. ಅದಕ್ಕೇ ಬೆಲ್ಲದ ಡಬ್ಬ ಗಲ್ಲಾದ ಮಗ್ಗುಲಲ್ಲೇ ಇರುತ್ತದೆ, ಕೂತವರ ಕೈಗೆ ಸಿಗುವ ಹಾಗೆ.

ಇವೆಲ್ಲ ನನಗೆ ಬೇಜಾರಿನ ವಿಷಯಗಳಲ್ಲ. ಇವತ್ತಿಗೂ ಮಾಡುತ್ತೇನೆ. ನನ್ನ ಜಗಳವೆಲ್ಲ ಹೂವಿನ ಜೊತೆ.

ಮಧುಗಿರಿಯ ಆಚೆ, ಒಂದು ಬಂಡೆಯ ಮಗ್ಗುಲಲ್ಲಿ ನಮ್ಮ ಮನೆದೇವರ ಗುಡಿ ಇದೆ. ಅಂಗಡಿಯ ಯಾವುದೇ ದೊಡ್ಡ ವಿಷಯ ಇದ್ದರೂ ಅಪ್ಪ ಅಲ್ಲಿಗೆ ಹೋಗಿ ಹೂ ಕೇಳುತ್ತಿದ್ದ. ಪೂಜಾರಪ್ಪ ಕಣಗಿಲೆ ಹೂಗಳನ್ನು ನೀರಲ್ಲಿ ಅದ್ದಿ ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಅಪ್ಪ ಕೈ ಮುಗಿದು ಪ್ರಶ್ನೆ ಕೇಳುತ್ತಾನೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಎಷ್ಟು ಹೊತ್ತಾದರೂ ಯಾವುದೂ ಬೀಳದಿದ್ದರೆ, ಇನ್ನೊಮ್ಮೆ ಬಾ ಅಂತ.

ಅಂಗಡಿಗೆ ಫ್ರಿಜ್ಜು ತರಬೇಕೆಂದು ಅಪ್ಪನಿಗೆ ಆಸೆಯಾಗಿತ್ತು. ಹೂ ಕೇಳಿದ, ಎಡಕ್ಕೆ ಬಿತ್ತು. ಮುಂದಿನ ಬೇಸಿಗೆಗೆ ಕೇಳಿದ, ಮತ್ತೆ ಎಡಕ್ಕೆ. ಅದರ ಮುಂದಿನ ಬೇಸಿಗೆಗೆ ಬೀಳಲೇ ಇಲ್ಲ. ನಮ್ಮೂರಿನ ಬಿಸಿಲು ಗೊತ್ತಲ್ಲ, ಬಂಡೆಗಳೇ ಬೆವರಬೇಕು. ಎದುರಂಗಡಿಯವನು ತಣ್ಣನೆ ಬಾಟಲಿಗಳನ್ನು ಮಾರಿ ಮಾರಿ ಮೇಲೊಂದು ಅಂತಸ್ತು ಕಟ್ಟಿಸಿದ. ನಾಲ್ಕನೇ ಸಲ ಬಲಕ್ಕೆ ಬಿತ್ತು. ಅಪ್ಪ ಹುಡುಗರ ಹಾಗೆ ಹಿಗ್ಗಿ ಗುಡಿಯಿಂದ ನೇರ ಫ್ರಿಜ್ಜಿನ ಅಂಗಡಿಗೆ ಹೋದ. ನಾನು ಆಗ ನಕ್ಕು ಸುಮ್ಮನಾಗಿದ್ದೆ. ಆ ನಾಲ್ಕು ಸಲದ ಲೆಕ್ಕ ಮುಂದೆ ನನಗೇ ಬೇಕಾಗುತ್ತದೆ ಅಂತ ಆಗ ಹೊಳೆದಿರಲಿಲ್ಲ.

ಅಪ್ಪನಿಗೆ ಶುಗರ್ ಬಂದು ಕಣ್ಣು ಮಂಜಾಯಿತು. ತಕ್ಕಡಿಯ ಅಂಕಿ ಕಾಣುತ್ತಿರಲಿಲ್ಲ, ಹೆಸರುಬೇಳೆಯನ್ನು ಮೂಸಿ ಗುರುತಿಸುತ್ತಿದ್ದ. ನಾನು ಮಧುಗಿರಿಯಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೆ, ಅಂಗಡಿಗೆ ಇಳಿದೆ. ಸರಕು ತರಿಸುವುದು, ಹುಳ ಹಿಡಿಯದಂತೆ ರವೆ ಹುರಿದಿಡುವುದು, ಫೋನಿನಲ್ಲಿ ದುಡ್ಡು ಹಾಕುವವರಿಗೆಂದು ಸ್ಕ್ಯಾನರ್ ಹಾಕಿಸುವುದು, ಎಲ್ಲ ನಾನೇ. ಅಪ್ಪ ಗಲ್ಲಾದ ಮೇಲೆ ಕೂತಿರುತ್ತಿದ್ದ. ಅವನು ಮಲಗಿದ ದಿನ ಗಲ್ಲಾ ಖಾಲಿ ಇರುತ್ತಿತ್ತು, ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಸಂಜೆಗೆ ಕಾಲು ಊದಿ ಚಪ್ಪಲಿಗೆ ಹೋಗುತ್ತಿರಲಿಲ್ಲ. ಅವ್ವ ಬಿಸಿನೀರಿಗೆ ಉಪ್ಪು ಹಾಕಿ ಕಾಲ ಬುಡದಲ್ಲಿ ತಂದಿಡುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ.

ಅಪ್ಪ ಇನ್ನು ಕೂರಲಾರ ಅಂತಾದಾಗ ಚಿಕ್ಕಪ್ಪ ಪಾವಗಡದಿಂದ ಬಂದ, ಜೊತೆಗೆ ಅವನ ಮಗನೂ. ಮಗ ಅಲ್ಲಿ ಸೋಲಾರ್ ಹಲಗೆಗಳನ್ನು ತೊಳೆಯುವ ಕೆಲಸದಲ್ಲಿದ್ದವನು. ‘ಇನ್ಮ್ಯಾಕೆ ಇವ್ನು ಗಲ್ಲಾ ಮ್ಯಾಲೆ ಕುಂತ್ಕೊತಾನೆ. ನಿನ್ ಮಗಳು ಹೆಂಗೂ ಒಳಗೆ ನೋಡ್ಕೊತಾಳಲ್ಲ’ ಅಂದ ಚಿಕ್ಕಪ್ಪ. ನನ್ನ ಮೈಯೆಲ್ಲ ಉರಿದುಹೋಯಿತು. ಆ ಹುಡುಗನೇನೂ ಕೆಟ್ಟವನಲ್ಲ, ಪಾಪ. ಗೋದಾಮಿನಲ್ಲಿ ನನ್ನ ಹತ್ತಿರ ಬಂದು, ‘ಅಕ್ಕಾ, ನಾಕೊದ್ದು, ನಂಗ್ ಬ್ಯಾಡ ಈ ಅಂಗಡಿ. ನಂಗೆ ತೊಗರಿಬೇಳೆ ಯಾವ್ದು, ಕಡ್ಲೆಬೇಳೆ ಯಾವ್ದು ಅಂತ್ಲೇ ಗೊತ್ತಾಗಕಿಲ್ಲ’ ಅಂದ. ‘ಅದ್ನ ನಿಮ್ಮಪ್ಪನ ಮುಂದೆ ಹೇಳೋ’ ಅಂದೆ. ‘ಸಂಪೇಸ್ತಾಡು, ಕೊಂದೇ ಬುಡ್ತಾನೆ’ ಅಂದು ತಲೆ ಕೆರೆದುಕೊಂಡ.

ನಾನು ಅಪ್ಪನ ಮುಂದೆ ಹೋಗಿ ನಿಂತೆ. ‘ಗಲ್ಲಾ ಮೇಲೆ ನಾನು ಕೂರ್ತೀನಿ’ ಅಂದೆ. ಅಪ್ಪ, ‘ಅಮ್ಮನ್ನ ಕೇಳಾನ ಕಣವ್ವ. ಆಯಮ್ಮ ಆಗ್ಲಿ ಅಂದ್ರೆ ನಂದೇನೂ ಇಲ್ಲ’ ಅಂದ.

ಶುಕ್ರವಾರ ನಾಲ್ಕೂ ಜನ ಬಸ್ಸು ಹತ್ತಿ ಹೋದೆವು: ಅಪ್ಪ, ಚಿಕ್ಕಪ್ಪ, ಅವನ ಮಗ ಮತ್ತು ನಾನು. ಪೂಜಾರಪ್ಪ ಹೂ ಅಂಟಿಸಿದ. ಅಪ್ಪ ಮಂಡಿಯೂರಿ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದ: ‘ತಾಯೀ, ನನ್ ಮಗಳು ಗಲ್ಲಾ ಮ್ಯಾಲೆ ಕುಂತ್ಕೋಬೌದಾ? ಬಲಕ್ಕೆ ಕೊಡು.’

ನಾನೂ ಕೈ ಮುಗಿದೆ. ಸುಳ್ಳೇಕೆ ಹೇಳಲಿ, ಮನಸಾರೆ ಬೇಡಿಕೊಂಡೆ. ಚಿಕ್ಕಂದಿನಿಂದ ಅಮ್ಮನಿಗೆ ಕಟ್ಟಿದ ಹೂವಿನ ಮಾಲೆಗಳನ್ನೆಲ್ಲ ನೆನಪಿಸಿದೆ.

ಹೂ ಎಡಕ್ಕೆ ಬಿತ್ತು.

ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ, ಸಿಟ್ಟು ಬಂತು. ಚಿಕ್ಕಪ್ಪ ಆಗಲೇ ಎದ್ದು ಪಂಚೆ ಕೊಡವಿ, ‘ಆಯ್ತಲ್ಲ, ತಾಯಿ ಹೇಳ್ಬುಟ್ಳು. ನಡೀರಿ, ಬಸ್ಸಿಗೆ ಹೊತ್ತಾಯ್ತು’ ಅನ್ನುತ್ತಿದ್ದ.

‘ತಡಿ ಚಿಕ್ಕಪ್ಪ’ ಅಂದೆ. ‘ನಿನ್ ಮಗಂಗೆ ಹೂ ಕೇಳ್ದಾ?’

‘ಲೇ, ಗಂಡುಡುಗಂಗೆ ಯಾಕಮ್ಮಿ ಹೂ ಕೇಳ್ಬೇಕು?’

‘ಅಪ್ಪಂಗೆ ಕೇಳಿದ್ರಾ? ತಾತಂಗೆ ಕೇಳಿದ್ರಾ?’

ಪೂಜಾರಪ್ಪ ಬಿದ್ದ ಹೂವನ್ನು ಎತ್ತಿಕೊಳ್ಳಲೋ ಬೇಡವೋ ಅನ್ನುವ ಹಾಗೆ ಬಗ್ಗಿದವನು ಬಗ್ಗಿದ ಹಾಗೇ ಉಳಿದ.

ನಾನು ಅಪ್ಪನ ಕಡೆ ತಿರುಗಿದೆ. ‘ಫ್ರಿಜ್ಜಿಗೆ ಎಷ್ಟು ಸಲ ಕೇಳ್ದೆ ಅಪ್ಪಾ?’

ಅಪ್ಪ ಬೆರಳು ಮಡಿಸಲು ಶುರು ಮಾಡಿದ, ನಾನೇ ಹೇಳಿಬಿಟ್ಟೆ:

‘ನಾಕು ಸಲ ಕೇಳ್ದೆ. ಬಲಕ್ಕೆ ಬೀಳೋಗಂಟ ಕೇಳ್ದೆ. ಯಾಕಂದ್ರೆ ನಿಂಗೆ ಫ್ರಿಜ್ಜು ಬೇಕಾಗಿತ್ತು. ನಂಗೆ ಒಂದು ಸಲ ಕೇಳಿ ಎದ್ದೋಗ್ತಾ ಇದ್ದೀಯ.’

‘ಹಂಗಾರೆ ಇನ್ನೊಂದು ಕಿತ ಕೇಳ್ತೀನಿ ಇರವ್ವ’ ಅಂತ ಅಪ್ಪ ಮತ್ತೆ ಮಂಡಿಯೂರಲು ಹೋದ. ನನಗೆ ಕರುಳು ಚುರ್ ಅಂದಿತು, ಆದರೂ ಬಿಡಲಿಲ್ಲ.

‘ಬ್ಯಾಡ. ನಂಗೆ ಹೂವೇ ಬ್ಯಾಡ. ಅವ್ನಿಗೆ ಹೂವಿಲ್ದೆ ಸಿಗೋದು ನಂಗೂ ಹೂವಿಲ್ದೇನೆ ಸಿಗ್ಬೇಕು.’

ಗುಡಿಯಲ್ಲಿ ಹಾಗೆ ಜೋರು ಮಾಡಬಾರದಿತ್ತೇನೋ. ಮಾಡಿದೆ. ವಾಪಸು ಬರುವಾಗ ಬಸ್ಸಿನಲ್ಲಿ ನಾಲ್ಕು ಜನ ನಾಲ್ಕು ಸೀಟಿನಲ್ಲಿ ಕೂತಿದ್ದೆವು. ಮನೆಗೆ ಬಂದ ಮೇಲೆ ಅವ್ವ ಯಾರನ್ನೂ ಏನಾಯಿತು ಅಂತ ಕೇಳಲಿಲ್ಲ. ನನ್ನ ಮುಖ ನೋಡಿ, ಮುದ್ದೆ ಬಡಿಸುತ್ತಾ, ‘ಅಂಗಡಿ ಬೀಗದ ಕೈ ಬೀರು ಮ್ಯಾಲೈತೆ’ ಅಂತಷ್ಟೇ ಅಂದಳು.

ಬೆಳಿಗ್ಗೆ ನಾನೇ ಶಟರ್ ಎತ್ತಿದೆ. ಬಾಗಿಲು ತೊಳೆದು ರಂಗೋಲಿ ಬಿಟ್ಟೆ. ಪಟಕ್ಕೆ ದೀಪ ಇಟ್ಟೆ, ತಕ್ಕಡಿಗೆ ಕರ್ಪೂರ ತೋರಿಸಿದೆ. ಒಂದನ್ನೂ ತಪ್ಪಿಸಲಿಲ್ಲ. ಆಮೇಲೆ ಹೋಗಿ ಗಲ್ಲಾದ ಮೇಲೆ ಕೂತೆ. ಕಂಬಳಿ ಅಪ್ಪ ಕೂತೂ ಕೂತೂ ನಡುವೆ ತಗ್ಗಾಗಿತ್ತು, ಕೆಳಗಿನ ಹಲಗೆ ಗಟ್ಟಿ. ಅಯ್ಯೋ, ಇಷ್ಟಕ್ಕೇನಾ ಇಷ್ಟೆಲ್ಲ ರಾದ್ಧಾಂತ ಅನ್ನಿಸಿತು. ಆದರೆ ಅಲ್ಲಿಂದ ಇಡೀ ಅಂಗಡಿ ಕಾಣುತ್ತಿತ್ತು, ರಸ್ತೆ ಕಾಣುತ್ತಿತ್ತು, ಎರಡು ವರ್ಷ ನಾನು ನಿಂತಿದ್ದ ಜಾಗವೂ ಕಣ್ಣಿಗೆ ನೇರವಾಗಿ ಕಾಣುತ್ತಿತ್ತು. ಅಷ್ಟು ದಿನ ನಾನು ನಿಂತದ್ದು ಗೊತ್ತಿದ್ದೂ ಅಪ್ಪ ಇಲ್ಲಿ ಕೂತಿದ್ದನಲ್ಲ ಅನ್ನಿಸಿ ಮತ್ತೆ ಸಿಟ್ಟು ಏರಿತು.

ಮೊದಲು ಬಂದದ್ದು ನಮ್ಮ ಕಾಯಂ ಗಿರಾಕಿ, ಪಕ್ಕದ ಹಳ್ಳಿಯ ಅಜ್ಜಿ. ಮೆಟ್ಟಿಲ ಮೇಲೆ ಕಾಲಿಟ್ಟವಳು ನನ್ನನ್ನು ನೋಡಿ ನಿಂತಳು. ‘ಇದೇನವ್ವ, ನೀನ್ ಕುಂತಿದ್ದೀಯಾ? ಅಪ್ಪ ಬರ್ಲಿ ಬುಡು, ಆಮ್ಯಾಕೆ ಬತ್ತೀನಿ’ ಅಂದು ಎದುರಂಗಡಿಗೆ ಹೋದಳು. ಆಮೇಲೆ ಇಬ್ಬರು ಬಂದು ಇಣುಕಿ ನೋಡಿ ಹಾಗೇ ದಾಟಿದರು. ಊರಲ್ಲಿ ಗುಡಿಯ ಸುದ್ದಿ ನಮಗಿಂತ ಮುಂಚಿನ ಬಸ್ಸಿನಲ್ಲೇ ಬಂದಿತ್ತೋ ಏನೋ. ಹಿಂದೂಪುರದ ಬಸ್ಸು ಬಂತು, ಹೋಯಿತು. ಮಧುಗಿರಿಯ ಬಸ್ಸು ಬಂತು, ಹೋಯಿತು. ಬೋಣಿ ಆಗಲಿಲ್ಲ. ಚಿಕ್ಕಪ್ಪ ರಸ್ತೆಯಾಚೆ ಟೀ ಅಂಗಡಿಯಲ್ಲಿ ಲೋಟ ಹಿಡಿದು ನನ್ನ ಕಡೆಯೇ ನೋಡುತ್ತಾ ಕೂತಿದ್ದ. ಎರಡನೇ ಟೀ ಹೇಳಿದ್ದನ್ನೂ ಕಂಡೆ.

ಗುಡಿಯಲ್ಲಿ ಅಷ್ಟು ಹಾರಾಡಿದವಳಿಗೆ ಇಲ್ಲಿ ಕೈಕಾಲು ತಣ್ಣಗಾಗಿದ್ದವು. ಬೋಣಿ ತಡವಾದ ದಿನ ಏನೋ ಕೇಡಿದೆ ಅಂತ ನಂಬಿದ ಮನೆಯಲ್ಲಿ ಬೆಳೆದವಳು ನಾನು, ಬಿ.ಕಾಂ. ಮಾಡಿದ ಮಾತ್ರಕ್ಕೆ ಅದು ರಕ್ತದಿಂದ ಹೋಗುತ್ತದೆಯೇ? ತಲೆ ಎತ್ತಿ ಪಟದ ಕಡೆ ನೋಡಿದೆ. ‘ಸಂಜೆ ಆದ್ರೂ ಏಳಲ್ಲ, ನೋಡ್ಕೋ’ ಅಂದೆ.

ಆಗ ಅಪ್ಪ ಬಂದ. ಕಣ್ಣು ಕಾಣದೆ ಅಕ್ಕಪಕ್ಕದ ಗೋಡೆಗಳನ್ನು ಸವರಿಕೊಂಡು, ನಿಧಾನಕ್ಕೆ. ಎಬ್ಬಿಸಲಿಕ್ಕೇ ಬಂದ ಅಂದುಕೊಂಡು ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಟೀ ಅಂಗಡಿಯಲ್ಲಿ ಚಿಕ್ಕಪ್ಪ ಎದ್ದು ನಿಂತ.

ಅಪ್ಪ ಒಳಗೆ ಬರಲಿಲ್ಲ. ಗಿರಾಕಿಗಳು ನಿಲ್ಲುವ ಜಾಗದಲ್ಲಿ, ಮೆಟ್ಟಿಲ ಕೆಳಗೆ ನಿಂತ. ಜೇಬಿನಿಂದ ನೋಟು ತೆಗೆದ.

‘ಅರ್ಧ ಕೇಜಿ ಬೆಲ್ಲ ಕೊಡವ್ವ’ ಅಂದ, ರಸ್ತೆಗೆಲ್ಲ ಕೇಳುವ ಹಾಗೆ.

ಎರಡು ವರ್ಷದ ಅಭ್ಯಾಸ ನೋಡಿ, ಗಿರಾಕಿ ಕೇಳಿದ ಕೂಡಲೇ ಕಾಲು ತಾನಾಗಿಯೇ ಎದ್ದು ನಿಲ್ಲುತ್ತದೆ. ನಾನು ಅರ್ಧ ಎದ್ದಿದ್ದೆ.

‘ಏಳ್ಬ್ಯಾಡ’ ಅಂದ ಅಪ್ಪ. ‘ಕುಂತ್ಕೊಂಡೇ ತೂಗು. ನಾನು ಕುಂತ್ಕೊಂಡೇ ತೂಗ್ತಿದ್ದೆ.’

ಕೂತೆ. ಕೂತೇ ಡಬ್ಬ ತೆಗೆದೆ, ಕೂತೇ ತೂಗಿದೆ, ಪೇಪರಿನಲ್ಲಿ ಪೊಟ್ಟಣ ಕಟ್ಟಿ ದಾರ ಸುತ್ತಿದೆ. ಅವನು ಕೊಟ್ಟ ನೋಟನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿದೆ. ಆಮೇಲೆ ಬೋಣಿಯ ಚೂರು ಬೆಲ್ಲ ಮುರಿದು ಕೈ ತಡೆದೆ. ‘ಶುಗರ್ ಐತೆ ಕಣಪ್ಪ ನಿಂಗೆ.’

‘ಬೋಣಿ ಬೆಲ್ಲಕ್ಕೆ ಶುಗರ್ ಗಿಗರ್ ಇಲ್ಲ, ಕೊಡಮ್ಮಿ’ ಅಂದು ಕೈ ಚಾಚಿದ. ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಪೂರ್ತಿ ಕರಗುವವರೆಗೆ ಅಲ್ಲೇ ನಿಂತಿದ್ದ. ರಸ್ತೆಯಾಚೆ ಚಿಕ್ಕಪ್ಪನ ಲೋಟ ಬೆಂಚಿನ ಮೇಲಿತ್ತು, ಚಿಕ್ಕಪ್ಪ ಇರಲಿಲ್ಲ. ಎದುರಂಗಡಿಗೆ ಹೋಗಿದ್ದ ಅಜ್ಜಿ ಚೀಲ ಹಿಡಿದುಕೊಂಡು ಅಪ್ಪನ ಬೆನ್ನ ಹಿಂದೆ ಬಂದು ನಿಂತಳು, ‘ಒಂದು ಪಾವು ಎಣ್ಣೆ ಕೊಡವ್ವ’ ಅಂತ.

ಅಪ್ಪ ಹೊರಟವನು ತಿರುಗಿ ಪಟ ಇರುವ ಕಡೆಗೆ ಮುಖ ಎತ್ತಿದ. ಅವನಿಗೆ ಅದು ಕಾಣಿಸುತ್ತಿರಲಿಲ್ಲ. ದನಿ ತಗ್ಗಿಸಿ ಕೇಳಿದ, ‘ಅಮ್ಮಂಗೆ ಏನಂತ ಹೇಳ್ಳವ್ವ ನಾನು?’

‘ನೀನೇನೂ ಹೇಳ್ಬ್ಯಾಡ. ಶುಕ್ರವಾರ ನಾನೇ ಹೋಗಿ ಹೇಳ್ತೀನಿ ಬುಡು’ ಅಂದೆ.

ಶುಕ್ರವಾರ ಹೋದೆ. ಗಲ್ಲಾ ಮೇಲೆ ಕೂತಿದ್ದೀನಿ ಕಣಮ್ಮ ಅಂತ ಹೇಳಿದೆ. ಪೂಜಾರಪ್ಪ ಹೂವನ್ನು ನೀರಲ್ಲಿ ಅದ್ದಲು ಹೋದ. ಬೇಡ ಅಂದೆ.