ನಾನು ಕೇಳಿ ಹಾಕಿಸಿದ ಬೆಂಚು

೧೯೭೬ರಲ್ಲಿ, ಏಳನೆಯ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಉಡುಪಿ ಕಡೆಯಿಂದ ಬಂದು ಕುರ್ಲಾದ ಹೋಟೆಲೊಂದರಲ್ಲಿ ಟೇಬಲ್ ಒರೆಸಿದೆ, ದೋಸೆ ಹೊಯ್ದೆ, ಕೊನೆಗೆ ಅಲ್ಲೇ ಸ್ವಂತದ್ದೊಂದು ಸಣ್ಣ ಹೋಟೆಲು ಮಾಡಿದೆ. ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಬಾಯಿಬಿಟ್ಟು ಕೇಳಿದ್ದು ಒಂದೇ, ಚೆಂಬೂರಿನ ನಮ್ಮ ರಸ್ತೆಯಲ್ಲಿರುವ ಆ ಬೆಂಚು.

ನನ್ನ ಹೆಂಡತಿಗೆ ಮಂಡಿನೋವು. ನಡೆಯುವುದು ಬಿಟ್ಟರೆ ಮಂಡಿ ಬಿಗಿದೇ ಹೋಗುತ್ತದೆ ಎಂದು ಡಾಕ್ಟರರು ಹೆದರಿಸಿದ್ದರು. ಅವಳು ಮನಸ್ಸಿಟ್ಟು ನಡೆಯುತ್ತಿದ್ದುದು ಶನಿವಾರ ಸಂಜೆ, ರಸ್ತೆಯ ಆ ತುದಿಯ ಭಜನಾ ಮಂದಿರಕ್ಕೆ. ಅಲ್ಲಿ ಮೊದಲ ಭಜನೆ ಯಾವತ್ತೂ ಅವಳದೇ.

ನಮ್ಮ ರಸ್ತೆಯನ್ನು ನಡೆಯುವವರಿಗೆ ತಕ್ಕಂತೆ ಮಾಡುತ್ತೇವೆಂದು ಮುನಿಸಿಪಾಲಿಟಿಯವರು ಆಗಲೇ ಒಂದು ಸಭೆ ಕರೆದರು. ನಕ್ಷೆ ಹರಡಿಕೊಂಡು ಕುಳಿತಿದ್ದ ಹುಡುಗಿ, "ಕಾಕಾ, ಬೆಂಚ್ ಕಹಾಂ ಚಾಹಿಯೇ?" ಎಂದು ಬೆಂಚು ಎಲ್ಲಿ ಬೇಕೆಂದು ಕೇಳಿದಳು. ದಾರಿಯ ನಡುವೆ ನಮ್ಮ ಊರಿನವನದೇ ಒಂದು ಹೋಟೆಲು. ನಾನು ಅದರ ಮುಂದೆಯೇ ಬೆರಳಿಟ್ಟೆ. ನಮ್ಮವರು, ಕುಳಿತವಳಿಗೆ ಒಂದು ಲೋಟ ನೀರಾದರೂ ಕೊಟ್ಟಾರು ಎಂದುಕೊಂಡೆ.

ಫುಟ್‌ಪಾತ್ ಅಗಲವಾಯಿತು, ಬೆಂಚು ಬಂತು. ಒಂದು ಮಳೆಗಾಲ ಮುಗಿಯುವವರೆಗೆ ಅವಳು ಅಲ್ಲಿ ದಣಿವಾರಿಸಿಕೊಂಡು ಮಂದಿರ ತಲುಪುತ್ತಿದ್ದಳು. ಆಮೇಲೆ ಬೆಂಚು ಹೋಟೆಲಿನ ಗಿರಾಕಿಗಳದಾಯಿತು. ಪಕ್ಕದಲ್ಲಿ ಸ್ಟೂಲುಗಳು ಬಂದವು, ಪಾರ್ಸೆಲ್ ಒಯ್ಯುವ ಬೈಕುಗಳು ಫುಟ್‌ಪಾತ್ ಮೇಲೆ ಹತ್ತಿದವು.

ಮಾಲೀಕನನ್ನು ಕೇಳಿದೆ. ಗಲ್ಲಾದಿಂದ ಏಳದೆಯೇ ನಕ್ಕ.

"ಎಂತ ಅಣ್ಣ, ನೀವೂ ಹೋಟೆಲಿನವರೇ ಅಲ್ವಾ? ಶನಿವಾರದ ಗಿರಾಕಿಗಳನ್ನು ಎಲ್ಲಿ ನಿಲ್ಲಿಸುದು, ನನ್ನ ತಲೆ ಮೇಲಾ? ಅಕ್ಕನಿಗೆ ಒಂದು ರಿಕ್ಷಾ ಮಾಡಿ ಕೊಡಿ ಮಾರಾಯ್ರೆ."

"ಅವಳು ನಡೀಬೇಕು."

"ಹಾಗಾದ್ರೆ ಮನೆಯಲ್ಲೇ ನಡೀಲಿ. ರಿಕ್ಷಾ ಖರ್ಚೂ ಉಳೀತದೆ."

ದೂರು ಕೊಡಬಹುದಿತ್ತು. ಆದರೆ ಭಜನೆಯ ದಿನ ಮಂದಿರಕ್ಕೆ ಪ್ರಸಾದ ಬರುವುದು ಅವನ ಅಡುಗೆಮನೆಯಿಂದಲೇ. ನಮ್ಮವನ ಅನ್ನಕ್ಕೆ ನಾನೇ ಕಲ್ಲು ಹಾಕುವುದು ಹೇಗೆ?

ಕಳೆದ ಚಳಿಗಾಲದ ಒಂದು ಶನಿವಾರ, ಅಲ್ಲಿ ದಾರಿಯಿಲ್ಲದೆ ರಸ್ತೆಗೆ ಇಳಿದೆವು. ರಿಕ್ಷಾವೊಂದರ ಕನ್ನಡಿ ಅವಳ ಸೆರಗಿಗೆ ತಾಗಿ ಹೋಯಿತು. ಬೀಳಲಿಲ್ಲ. ಯಾರದೋ ಬೈಕಿನ ಸೀಟು ಹಿಡಿದು ನಿಂತಳು. ಬೆಂಚಿನಲ್ಲಿದ್ದವರು ತಮ್ಮ ಸರದಿಯ ಕೂಗಿಗೆ ಕಿವಿಗೊಟ್ಟು ಕುಳಿತಿದ್ದರು.

"ಮನೆಗೆ ಹೋಗುವ ಮಾರಾಯ್ರೆ," ಎಂದಳು.

"ಭಜನೆ?"

"ಹಾಡ್ಲಿಕ್ಕೆ ಬೇರೆಯವರಿದ್ದಾರೆ."

ಆಮೇಲೆ ಅವಳು ಬಿಲ್ಡಿಂಗಿನ ಗೇಟು ದಾಟಲಿಲ್ಲ. ಕಿಟಕಿಯ ತನಕ ಹೋಗುವುದಕ್ಕೂ ಈಗ ಗೋಡೆ ಹಿಡಿಯಬೇಕು. ಮೊದಮೊದಲು ಪ್ರತಿ ಶನಿವಾರ ಕರೆಯುತ್ತಿದ್ದೆ. ಈಗ ಕರೆಯುವುದಿಲ್ಲ.

ಇವತ್ತು ನನ್ನಲ್ಲಿರುವುದು ಇಷ್ಟು: ಕುರ್ಲಾದಲ್ಲಿ ಒಂದು ಹೋಟೆಲು, ಚೆಂಬೂರಿನಲ್ಲಿ ಎರಡು ಕೋಣೆಯ ಮನೆ, ಒಂದು ಜತೆ ತಾಳ, ಒಂದು ಊರುಗೋಲು, ಬಾಗಿಲ ಬಳಿ ಅವಳ ಒಂದು ಜತೆ ಚಪ್ಪಲಿ, ಇನ್ನೂ ಹೊಸದು.