ಬಾಗಿಲಲ್ಲಿ ನಿಂತವಳು

ನಾನು ಎರಡನೆಯ ಸಂಬಂಧದವಳು. ತವರೂರು ಕಿಣ್ಣಿ ಸುಲ್ತಾನದಿಂದ ನೆಲೋಗಿಗೆ ಬಂದ ದಿನ ಅತ್ತೆ ನನ್ನ ಕೊರಳಿಗೆ, ತಾಳಿಯ ಜೊತೆ, ಬೆಳ್ಳಿಯದೊಂದು ಸಣ್ಣ ಬಿಲ್ಲೆ ಕಟ್ಟಿದರು. ಅದರ ಮೇಲೆ ಹೆಣ್ಣಿನ ರೂಪ; ಕಣ್ಣಿಗೆ ಎರಡು ಚುಕ್ಕೆ, ಬಾಯಿಗೊಂದು ಗೀರು. ಜ್ವರದಲ್ಲಿ ತೀರಿಹೋದ, ಯಜಮಾನರ ಮೊದಲ ಹೆಂಡತಿ ಅವಳು. ನಿಜಾಮರ ಆ ಕಾಲದಲ್ಲಿ ನಮ್ಮ ಮನೆಗಳಲ್ಲಿ ಹಾಗೇ ಇತ್ತು. ಹೊಸ ಸೀರೆಯ ಸೆರಗು ಮೊದಲು ಅವಳಿಗೆ ಮುಟ್ಟಿಸಬೇಕು, ಹೋಳಿಗೆಯ ಮೊದಲ ತುಣುಕು ಅವಳಿಗೆ ತೋರಿಸಬೇಕು.

ಅದಕ್ಕೆ ನನಗೇನೂ ಬೇಸರವಿರಲಿಲ್ಲ. ಸತ್ತವಳು ತಿನ್ನುವುದೆಷ್ಟು? ಆದರೆ ನನ್ನ ಯಜಮಾನರು ಮಾತಾಡುವಾಗ ಅವರ ಕಣ್ಣು ಆ ಬಿಲ್ಲೆಯ ಮೇಲಿರುತ್ತಿತ್ತು. ಒಮ್ಮೆಯಾದರೂ ನನ್ನ ಮುಖ ನೋಡಲಿ ಎಂಬುದೊಂದೇ ನನ್ನ ಆಸೆ.

"ನಾ ಹೊಲದಿಂದ ಬರೂತನಾ ಆಕಿ ಬಾಗಲ್ದಾಗ ನಿಂದ್ರತಿದ್ಲು," ಎನ್ನುತ್ತಿದ್ದರು ಉಣ್ಣುತ್ತ. "ನಾ ಕಂಡ್ ಕೂಡ್ಲೆ ನಾಚಿ ಒಳಗ ಓಡ್ತಿದ್ಲು. ಗಂಡನ ಮ್ಯಾಲ ಜೀವ ಅಂದ್ರ ಅದು. ನಿನಗ ಬರೇ ರೊಟ್ಟೀದೇ ಚಿಂತಿ."

"ರೊಟ್ಟಿ ಹೊತ್ತಿದ್ರ ಆಕಿ ಬಂದು ತಿರುವಿ ಹಾಕ್ತಾಳೇನ್ರಿ?" ಎಂದೆ. ಅವರು ನಗಲಿಲ್ಲ.

ಮರುದಿನದಿಂದ ನಾನೂ ಸಂಜೆಗೆ ಒಲೆ ತಗ್ಗಿಸಿ ಬಾಗಿಲಿಗೆ ಹೋಗಿ ನಿಂತೆ. ಒಳಗೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಅತ್ತೆ ಕೇಳಿದರು:

"ಯಾಕ್ ಬೇ, ಅಲ್ಲಿ ಏನ್ ನೋಡಾಕತ್ತಿ?"

"ಅಕ್ಕ ಹಿಂಗ ನಿಂದ್ರತಿದ್ಲಂತಲ್ರಿ ಅತ್ತಿ. ಅವರ ದಾರಿ ಕಾಯ್ಕೋತ."

ಅತ್ತೆಯ ಕೈ ನಿಂತಿತು. "ಅವನ ದಾರಿ ಎಲ್ಲೀದು, ಹುಚ್ಚಿ! ಘತ್ತರಗಿಯಾಕಿ ಆಕಿ. ತವರಿನ ಬಂಡಿ ಬರ್ತೈತೇನಂತ ನೋಡ್ತಿದ್ಲು. ನಮ್ಮ ಹೊಲದ ದಾರೀನೂ ಅದೇ. ಬಂಡಿ ಬರ್ಲಾರ್ದ ಇವನೇ ಬಂದ್ರ ಮಾರಿ ಸಣ್ಣದು ಮಾಡ್ಕೊಂಡು ಒಳಗ ಬರಾಕಿ." ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡು ಹೇಳಿದರು: "ಅವನ ಮುಂದ ಹೇಳಬ್ಯಾಡ ನಮ್ಮವ್ವಾ. ಅದೊಂದು ಅವಗ ಇರ್ಲಿ."

ಹೇಳಲಿಲ್ಲ. ಆದರೆ ಆವತ್ತಿನಿಂದ ರೊಟ್ಟಿ ಬಡಿಯುವಾಗ ಬಿಲ್ಲೆ ಎದೆಗೆ ತಾಗಿದರೆ, ಒಲೆಯ ಮುಂದೆಯೂ ಅದು ತಣ್ಣಗಿರುತ್ತಿತ್ತು. ಸಂಜೆಯಾದರೆ ಕಾಲು ತಾನಾಗಿಯೇ ಬಾಗಿಲಿಗೆ ಹೋಗುತ್ತಿತ್ತು. ನನ್ನ ತವರಿನ ದಾರಿ ಊರ ಹಿಂಬದಿಗಿತ್ತು. ಈ ಕಡೆಯಿಂದ ನನ್ನವರು ಯಾರೂ ಬರುವಂತಿರಲಿಲ್ಲ. ಆದರೂ ದೂರದಲ್ಲಿ ಧೂಳೆದ್ದರೆ ಎತ್ತಿನ ಕೊರಳಗಂಟೆಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ.

ಒಂದು ಸಂಜೆ ಹಾಗೇ ಧೂಳೆದ್ದಿತು. ಬಂಡಿಯಲ್ಲ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅವರೇ ಬಂದರು. ನನ್ನ ಮುಖ ಸಣ್ಣದಾಯಿತು. ತಲೆ ತಗ್ಗಿಸಿ ಸರ್ರನೆ ಒಳಗೆ ಬಂದೆ.

ಹಿಂದಿನಿಂದ ಅವರು ನಕ್ಕರು. "ನಾಚಿಕಿ ಬಂತೇನು?" ಒಳಗೆ ಬಂದವರೇ ನನ್ನ ಗಲ್ಲ ಹಿಡಿದೆತ್ತಿ, ಮದುವೆಯಾದ ಮೇಲೆ ಮೊದಲ ಸಲ, ಮುಖವನ್ನೇ ನೋಡಿದರು. ಬಹಳ ಹೊತ್ತು ನೋಡಿದರು.

"ಥೇಟ್ ಆಕೀನೇ," ಎಂದರು.